ಹಳೆ ಮನೆಯ ಮುಖ ತೋಡಿಗೆ, ಬೆನ್ನು ಡಾಮರು ಮಾರ್ಗಕ್ಕೆ: ಯಾಕೆ ಹೀಗೆ?

ತೋಟದಮನೆ:
ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಬದಿಯಡ್ಕಕ್ಕೂ ಪೆರ್ಲಕ್ಕೂ ನಡುವೆ, ದೊಡ್ಡ ಮಾರ್ಗದಿಂದ ಸ್ವಲ್ಪ ಒಳಗೆ ನಮ್ಮ ಹಳೆ ಮನೆ ಇದೆ. ಈಗ ಅಲ್ಲಿ ದೊಡ್ಡಪ್ಪ, ದೊಡ್ಡಮ್ಮ ಇಬ್ಬರೇ. ಮನೆಯ ಮುಖ ಮೂಡಕ್ಕೆ. ಜಗಲಿಯಲ್ಲಿ ಕೂತರೆ ಎದುರಿಗೆ ಅಂಗಳ, ಕೆಳಗೆ ಅಡಿಕೆ ತೋಟ, ಅದರಾಚೆ ಒಂದು ಕಾಲದಲ್ಲಿ ಗದ್ದೆಯಾಗಿದ್ದ ಜಾಗ, ಕೊನೆಗೆ ತೋಡು, ಅಂದರೆ ಸಣ್ಣ ಹಳ್ಳ. ಡಾಮರು ಮಾರ್ಗ ಇರುವುದು ಪಡುಗಡೆ ಗುಡ್ಡೆಯಲ್ಲಿ, ಮನೆಯ ಬೆನ್ನಿಗೆ. ಹಾಗಾಗಿ ಬಂದವರೆಲ್ಲ ಮೊದಲು ನೋಡುವುದು ಹಟ್ಟಿ (ದನದ ಕೊಟ್ಟಿಗೆ), ಗೊಬ್ಬರದ ಗುಂಡಿ, ಬಚ್ಚಲು ಮನೆಯ ಹೊಗೆ. ಆಮೇಲೆ ಮನೆಗೆ ಅರ್ಧ ಸುತ್ತು ಹಾಕಿ ಜಗಲಿಗೆ ಬರಬೇಕು.

ಈಗ ಆ ಮಾರ್ಗ ಅಗಲ ಮಾಡುತ್ತಾರಂತೆ, ಸ್ಥಳ ಬಿಟ್ಟುಕೊಡಿ ಅಂತ ಕೇಳಿದ್ದಾರೆ. ಕೊಡಬಾರದು ಅಂತೇನಿಲ್ಲ. ಆದರೆ ಕೊಟ್ಟರೆ ಹಟ್ಟಿ ಹೋಗುತ್ತದೆ, ಹಟ್ಟಿಯ ಪಕ್ಕದಲ್ಲೇ ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಸುರಂಗದ ಬಾಯಿ ಇದೆ, ಆ ಸುರಂಗ ಹೋಗಿರುವುದು ಮಾರ್ಗದ ಅಡಿಗೇ. ಬೇಸಗೆಯಲ್ಲಿ ಮನೆಗೂ ತೋಟಕ್ಕೂ ಅದೇ ನೀರು. ಮೊದಲು ದಾರಿ ಇದ್ದದ್ದು ಕೆಳಗೆ ತೋಡಿನ ದಡದಲ್ಲಿ, ಮೇಲಿನ ಮಾರ್ಗ ಆಮೇಲೆ ಬಂದದ್ದು ಅಂತ ದೊಡ್ಡಪ್ಪ ಹೇಳುತ್ತಾರೆ. ಯಾವಾಗ ಅಂದರೆ "ಅಜ್ಜನ ಕಾಲದಲ್ಲಿ" ಅನ್ನುತ್ತಾರೆ, ಯಾವ ಅಜ್ಜ ಅಂತ ಕೇಳಿದರೆ ಸಿಟ್ಟು. ಮನೆ ಎಷ್ಟು ಹಳೆಯದು ಅಂದರೆ ಮಾಡಿನ ಹಂಚು ತೋರಿಸುತ್ತಾರೆ. ಅದರಲ್ಲಿ 1865 ಅಂತ ಅಚ್ಚೊತ್ತಿದೆ. ಆ ಕಡೆಯ ಹಳೆ ದಾರಿಗಳ ಬಗ್ಗೆ ಗೊತ್ತಿರುವವರು ಹೇಳಿ. ಸಂತೋಷಕ್ಕೆ ಮಾತ್ರ ಕೇಳುತ್ತಿರುವುದಲ್ಲ, ಅಳತೆಗೆ ಬರುವವರ ಎದುರು ನಾಲ್ಕು ಮಾತು ಆಡಲು ಬೇಕು.

ಪಕ್ಕಾಸು:
ನಾನು ಹಳೆ ಮನೆ ಬಿಚ್ಚುವ, ರಿಪೇರಿ ಮಾಡುವ ಕೆಲಸದವ. ಹಂಚಿನ 1865 ನೋಡಿ ಮನೆಗೆ ವಯಸ್ಸು ಕಟ್ಟುವುದು ನಮ್ಮೂರಲ್ಲಿ ಮಾಮೂಲು. ಅದು ಹಂಚು ಸುಟ್ಟ ವರ್ಷ ಅಲ್ಲ. ಬಾಸೆಲ್ ಮಿಶನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ 1865. ಆಮೇಲೆ ಎಷ್ಟೋ ಕಾಲ ಅದೇ ಇಸವಿ ಹಂಚಿನ ಮೇಲೆ ಬಂತು. ಹಂಚಿನ ಅಡಿಯಲ್ಲಿ ಊರಿನ ಹೆಸರು ಇರುತ್ತದೆ, ಅದನ್ನು ನೋಡಿ ಹೇಳಿ.

ತೋಟದಮನೆ:
ಫರೋಕ್ ಅಂತ ಇದೆ. ಇಂಗ್ಲಿಷ್ ಅಕ್ಷರದಲ್ಲಿ.

ಪಕ್ಕಾಸು:
ಹಾಗಾದರೆ ಮುಗಿಯಿತು. ಕೋಝಿಕ್ಕೋಡಿನ ಹತ್ತಿರದ ಫರೋಕಿನಲ್ಲಿ ಮಿಶನಿನ ಕಾರ್ಖಾನೆ ಶುರುವಾದದ್ದೇ 1905ರಲ್ಲಿ. ಮೊದಲ ಮಹಾಯುದ್ಧ ಬಂದಾಗ ಈ ಕಾರ್ಖಾನೆಗಳೆಲ್ಲ ಮಿಶನಿನ ಕೈ ಬಿಟ್ಟು ಹೋದವು, ಜರ್ಮನ್ನರ ಸಂಬಂಧ ಇತ್ತಲ್ಲ. ಆಮೇಲೆ ಅವನ್ನು ನಡೆಸಿದ್ದು ಕಾಮನ್‌ವೆಲ್ತ್ ಟ್ರಸ್ಟ್. ಅಲ್ಲಿಂದ ಮುಂದಿನ ಹಂಚಿನಲ್ಲಿ ಕಾಮನ್‌ವೆಲ್ತ್ ಅಂತಲೇ ಇರುತ್ತದೆ. ನಿಮ್ಮ ಹಂಚು ಈ ಎರಡರ ನಡುವಿನದ್ದು.

ಆದರೆ ಹಂಚಿನ ವಯಸ್ಸು ಬೇರೆ, ಮನೆಯ ವಯಸ್ಸು ಬೇರೆ. ಇಲ್ಲಿನ ಮನೆಗಳಿಗೆ ಮೊದಲು ಮುಳಿಹುಲ್ಲಿನ ಮಾಡು. ಅಟ್ಟಕ್ಕೆ ಹತ್ತಿ ಪಕ್ಕಾಸಿನ (ಮಾಡಿನ ಇಳಿಜಾರಿನ ಮರ) ಮೇಲೆ ಟಾರ್ಚು ಹಾಕಿ ನೋಡಿ. ಹುಲ್ಲು ಕಟ್ಟುವಾಗ ಬಿದಿರನ್ನು ಹಗ್ಗದಿಂದ ಬಿಗಿಯುತ್ತಿದ್ದರು, ಆ ಹಗ್ಗ ತಿಂದ ಗುರುತು ಮರದಲ್ಲಿ ಉಳಿಯುತ್ತದೆ. ಹಂಚಿಗೆ ಒಂದೊಂದು ಅಡಿಗೆ ರೀಪು, ಅಂದರೆ ಅಡ್ಡಪಟ್ಟಿ, ಬೇಕು. ರೀಪಿನ ಮೊಳೆ ಹೊಸದು, ಪಕ್ಕಾಸಿನ ಗುರುತು ಹಳೆಯದು ಅಂತಾದರೆ ಮನೆ ಹಂಚಿಗಿಂತ ಮೊದಲಿನದ್ದು. ಮಾಡಿನ ಇಳಿಜಾರು ಕೂಡ ನೋಡಿ. ಹುಲ್ಲಿನ ಮಾಡು ಜಾಸ್ತಿ ಕಡಿದಾಗಿರಬೇಕು, ಇಲ್ಲದಿದ್ದರೆ ಆಟಿ ತಿಂಗಳ ಮಳೆಗೆ ನೀರು ಒಳಗೆ. ಗೋಡೆ ಮಣ್ಣಿನದ್ದಾ, ಮುರಕಲ್ಲಿನದ್ದಾ (ಕೆಂಪು ಜಂಬಿಟ್ಟಿಗೆ)?

ತೋಟದಮನೆ:
ನಡುಮನೆ, ಉಗ್ರಾಣದ ಗೋಡೆ ಮಣ್ಣು, ಒಂದು ಮೊಳಕ್ಕಿಂತ ದಪ್ಪ. ಜಗಲಿಯ ಕಡೆ ಮತ್ತು ಹಟ್ಟಿ ಮುರಕಲ್ಲು. ಉಗ್ರಾಣದಲ್ಲಿ ಭತ್ತ ತುಂಬುವ ದೊಡ್ಡ ಮರದ ಪತ್ತಾಯ ಇದೆ, ಅದನ್ನು ಬಾಗಿಲಿನಿಂದ ಹೊರಗೆ ತರಲು ಸಾಧ್ಯವೇ ಇಲ್ಲ. ಅಂದರೆ ಪತ್ತಾಯ ಇಟ್ಟು ಆಮೇಲೆ ಗೋಡೆ ಎಬ್ಬಿಸಿದ್ದು.

ಪಕ್ಕಾಸು:
ಮಣ್ಣಿನ ಭಾಗ ಮೂಲಮನೆ. ಮುರಕಲ್ಲಿನದ್ದು ಆಮೇಲೆ ಸೇರಿಸಿದ್ದು. ಆ ಪತ್ತಾಯ ಮಾರಬೇಡಿ ಮಾರಾಯ್ರೆ, ಅದಕ್ಕೆ ಕಣ್ಣು ಹಾಕಿಕೊಂಡು ಪುರಾತನ ವಸ್ತುವಿನ ವ್ಯಾಪಾರಿಗಳು ಮನೆ ಮನೆ ತಿರುಗುತ್ತಿದ್ದಾರೆ.

ಉಪ್ಪಳದವ:
ಮನೆ ಮೂಡಕ್ಕೆ ಮುಖ ಮಾಡಿದ್ದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ? ನಮ್ಮಲ್ಲಿ ಎಲ್ಲ ಹಳೆ ಮನೆಗಳೂ ಮೂಡಕ್ಕೇ. ಅದು ಸಂಪ್ರದಾಯ. ದಾರಿಗೂ ಅದಕ್ಕೂ ಸಂಬಂಧ ಇಲ್ಲ, ಸುಮ್ನೆ ಕಥೆ ಕಟ್ಟುವುದು.

ಹಳೆಮಾಷ್ಟ್ರು:
ಉಪ್ಪಳದವರ ಮಾತು ಅರ್ಧ ಸರಿ. ಮುಖ ಮೂಡಕ್ಕೆ ಇದ್ದ ಮಾತ್ರಕ್ಕೆ ಎದುರು ದಾರಿ ಇತ್ತು ಅಂತ ಹೇಳುವ ಹಾಗಿಲ್ಲ. ಬೇರೆ ಗುರುತು ಬೇಕು. ತೋಟದಮನೆಯವರೇ, ಅಂಗಳದಿಂದ ಕೆಳಗೆ ಮೆಟ್ಟಿಲು ಇದೆಯಾ? ದಾರಿಗೆ ಅಡ್ಡ ಉಣುಗೋಲು ಹಾಕುವ ಕಲ್ಲುಕಂಬ ಯಾವ ಕಡೆ ಇದೆ? ಗದ್ದೆ ಬದಿಯಲ್ಲಿ ಹೊರೆ ಇಳಿಸುವ ಕಲ್ಲು ಏನಾದರೂ?

ತೋಟದಮನೆ:
ಮೆಟ್ಟಿಲು ಇದೆ, ಮುರಕಲ್ಲಿನದ್ದು, ನಡು ಸವೆದು ಹೋಗಿದೆ. ತೂತು ಇರುವ ಎರಡು ಕಲ್ಲುಕಂಬ ತೋಟದ ಕೆಳಗಿನ ತುದಿಯಲ್ಲಿ. ಮಾರ್ಗದ ಕಡೆ ಇರುವುದು ಕಬ್ಬಿಣದ ಗೇಟು, ಅದು ಅಪ್ಪನ ಪ್ರಾಯದಲ್ಲಿ ಹಾಕಿಸಿದ್ದು. ಹೊರೆ ಇಳಿಸುವ ಕಲ್ಲು ಅಂದರೆ ಎರಡು ಕಂಬದ ಮೇಲೆ ಅಡ್ಡ ಮಲಗಿಸಿದ ಉದ್ದ ಕಲ್ಲಾ? ಅಂಥದ್ದು ತೋಡಿನ ಹತ್ತಿರ ಇದೆ, ಈಗ ಒಂದು ಕಡೆ ವಾಲಿದೆ. ನಾವು ಚಿಕ್ಕವರಿದ್ದಾಗ ಅದರ ಮೇಲಿಂದ ಹಾರುತ್ತಿದ್ದೆವು.

ಹಳೆಮಾಷ್ಟ್ರು:
ಅದೇ. ಸ್ವಂತ ಮನೆಯ ಉಪಯೋಗಕ್ಕೆ ಯಾರೂ ಅಂಥ ಕಲ್ಲು ನಿಲ್ಲಿಸುವುದಿಲ್ಲ. ತಲೆಹೊರೆಯಲ್ಲಿ ದೂರ ಹೋಗುವವರು ಇನ್ನೊಬ್ಬರ ಸಹಾಯ ಇಲ್ಲದೆ ಹೊರೆ ಇಳಿಸಿ, ಮತ್ತೆ ಏರಿಸಿಕೊಳ್ಳಲು ಅದು. ಹಾಗಾಗಿ ಅಲ್ಲಿ ಊರವರೆಲ್ಲ ನಡೆಯುವ ದಾರಿ ಇತ್ತು.

ಸ್ವಲ್ಪ ಉದ್ದ ಬರೆಯುತ್ತೇನೆ, ಬೇಡದವರು ದಾಟಿ ಹೋಗಿ. ನಮ್ಮ ಕಡೆ ಊರು ಅಂದರೆ ಕಣಿವೆ. ನೀರು ಕೆಳಗೆ, ಗದ್ದೆ ಕೆಳಗೆ, ಗದ್ದೆಗಿಂತ ಸ್ವಲ್ಪ ಮೇಲೆ ತೋಟ, ತೋಟದ ತಲೆಯಲ್ಲಿ ಮನೆ, ಮನೆಯ ಹಿಂದೆ ದರೆ, ಅದರ ಮೇಲೆ ಬೋಳು ಗುಡ್ಡೆ. ನಡೆದು ಹೋಗುವವನಿಗೆ ಮನೆಯಿಂದ ಮನೆಗೆ, ನೀರಿನ ಬದಿಯಲ್ಲಿ, ನೆರಳಿನಲ್ಲಿ ಹೋಗುವುದು ಸುಲಭ. ಮಧ್ಯದಲ್ಲಿ ತೋಡು ಸಿಕ್ಕಿದರೆ ಅಡಿಕೆ ಮರದ ಸಂಕ. ಹೀಗೆ ಇಳಿದರೆ ಶಿರಿಯ ಹೊಳೆ, ಅದರ ಜಾಡು ಹಿಡಿದರೆ ಕುಂಬಳೆ, ಅಲ್ಲಿ ಅಳಿವೆ, ದೋಣಿ, ಸಮುದ್ರ. ಕಂಪೆನಿಗಾಗಿ ಸರ್ವೆ ಮಾಡಿದ ಬುಕಾನನ್ 1801ರಲ್ಲಿ ಈ ಸೀಮೆಯಲ್ಲಿ ಪ್ರಯಾಣ ಮಾಡಿದ್ದು ಕೂಡ ಹೊಸದುರ್ಗ, ಬೇಕಲ, ಕುಂಬಳೆ, ಮಂಜೇಶ್ವರ ಅಂತ ಕರಾವಳಿಯಲ್ಲೇ, ಹೊಳೆ ಮೇಲೆ ಹೊಳೆ ದಾಟಿಕೊಂಡು. ಟಿಪ್ಪು ಬಿದ್ದು ಕನ್ನಡ ಜಿಲ್ಲೆ ಕಂಪೆನಿಯ ಕೈಗೆ ಬಂದು ಎರಡು ವರ್ಷವೂ ಆಗಿರಲಿಲ್ಲ ಆಗ.

ಗಾಡಿ ಬಂದಾಗ ಲೆಕ್ಕ ಬದಲಾಯಿತು. ಎತ್ತಿನ ಗಾಡಿ ಕಟ್ಟಹುಣಿಯಲ್ಲಿ (ಗದ್ದೆಯ ಬದುವಿನಲ್ಲಿ) ಹೋಗುವುದಿಲ್ಲ, ಸಂಕ ದಾಟುವುದಿಲ್ಲ, ಮಳೆಗಾಲದ ಕೆಸರಿನಲ್ಲಿ ಅಚ್ಚಿನವರೆಗೆ ಹೂತು ಹೋಗುತ್ತದೆ. ಅದಕ್ಕೆ ಗಟ್ಟಿ ನೆಲ ಬೇಕು, ಗಟ್ಟಿ ನೆಲ ಇರುವುದು ಗುಡ್ಡೆಯ ಮುರಕಲ್ಲಿನ ಮೇಲೆ. 1907ರಲ್ಲಿ ರೈಲು ಮಂಗಳೂರು ಮುಟ್ಟಿತು, ಕುಂಬಳೆ, ಕಾಸರಗೋಡಿನಲ್ಲಿ ಸ್ಟೇಶನ್ ಆಯಿತು. ಅಡಿಕೆ, ಕಾಳುಮೆಣಸು ಸ್ಟೇಶನಿಗೆ, ಉಪ್ಪು, ಸೀಮೆಎಣ್ಣೆ, ಬಟ್ಟೆ ಸ್ಟೇಶನಿನಿಂದ ಒಳಗೆ. ಗಾಡಿ ಹೋದಲ್ಲೆಲ್ಲ ಗುಡ್ಡೆಯಲ್ಲಿ ಜಾಡು ಬಿತ್ತು, ಆಮೇಲೆ ಜಲ್ಲಿ, ಆಮೇಲೆ ಬಸ್ಸು, ಡಾಮರು. ಈಗಿನ ಕುಂಬಳೆ–ಬದಿಯಡ್ಕ–ಮುಳ್ಳೇರಿಯ ಮಾರ್ಗದಲ್ಲಿ ಹೋಗುವಾಗ ಗಮನಿಸಿ, ಹಳೆ ಮನೆಗಳು ಮಾರ್ಗದಿಂದ ಕಾಣುವುದೇ ಇಲ್ಲ. ಎಲ್ಲ ಕೆಳಗೆ. ಮಾರ್ಗದ ಬದಿಯಲ್ಲಿ ಇರುವುದು ಅಂಗಡಿ, ಶಾಲೆ, ಗಲ್ಫ್ ದುಡ್ಡಿನ ಹೊಸ ಮನೆ. ಹಾಗಾಗಿ ನಿಮ್ಮ ಮನೆ ಬೆನ್ನು ಹಾಕಿದ್ದಲ್ಲ, ಮಾರ್ಗವೇ ಹಿಂದಿನಿಂದ ಬಂದದ್ದು.

ಉಪ್ಪಳದವ:
ಮಾಷ್ಟ್ರೇ, ಒಪ್ಪಿದೆ. ಆದರೆ 1956 ಬಿಟ್ಟಿರಿ. ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು, ಅಲ್ಲಿವರೆಗೆ ವಿಟ್ಲ, ಪುತ್ತೂರು, ಪೆರ್ಲ ಎಲ್ಲ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಆಮೇಲೆ ಸಾರಡ್ಕದಲ್ಲಿ ಗಡಿ. ಚೆರ್ಕಳ–ಕಲ್ಲಡ್ಕ ಮಾರ್ಗದಲ್ಲಿ ಕಣ್ಣು ಮುಚ್ಚಿ ಕೂತರೂ ಡಾಮರಿನ ಮೇಲೆ ಟಯರಿನ ಸದ್ದು ಬದಲಾದದ್ದು ಕೇಳಿ ರಾಜ್ಯ ಬದಲಾಯ್ತು ಅಂತ ಗೊತ್ತಾಗುತ್ತಿತ್ತು. ಗಡಿ ವಿವಾದದ ಮಹಾಜನ ಆಯೋಗ 1967ರಲ್ಲೇ ಚಂದ್ರಗಿರಿಯ ಬಡಗಿನ ಭಾಗ ಕರ್ನಾಟಕಕ್ಕೆ ಕೊಡಿ ಅಂತ ಬರೆದರೂ...

ಪಕ್ಕಾಸು:
ಭಾವ, ಮಹಾಜನ ವರದಿಗೆ ಬೇರೆ ದಿನ ಜಗಳ ಆಡುವ. ಇಲ್ಲಿ ಹಟ್ಟಿ ಉಳಿಸುವ ವಿಷಯ.

ಉಪ್ಪಳದವ:
ಆಯ್ತು. ಒಂದೇ ಮಾತು. 2020ರ ಲಾಕ್‌ಡೌನಿನಲ್ಲಿ ಗಡಿಯ ಮಾರ್ಗಗಳಿಗೆ ಮಣ್ಣು ಸುರಿದು ಮುಚ್ಚಿದರಲ್ಲ, ಆಗ ನಮ್ಮವರು ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಎಷ್ಟು ಕಷ್ಟಪಟ್ಟರು ಅಂತ ಎಲ್ಲರಿಗೂ ಗೊತ್ತು. ಆ ದಿನಗಳಲ್ಲಿ ಗುಡ್ಡೆ, ತೋಡಿನ ಬದಿಯ ಹಳೆ ಕಾಲುದಾರಿ ಯಾವ ಕಡೆ ಹೋಗುತ್ತದೆ ಅಂತ ಊರಿನ ಮುದುಕರ ಹತ್ತಿರ ಕೇಳಿದವರು ಸುಮಾರು ಜನ ಇದ್ದರು.

ಸರ್ವೆಚೈನು:
ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತ. ಹಂಚು, ಕಲ್ಲು ಎಲ್ಲ ಸರಿ, ಆದರೆ ಅಳತೆಗೆ ಬರುವವರಿಗೆ ಬೇಕಾದ್ದು ಕಾಗದ. ನಿಮ್ಮ ಮನೆಯಲ್ಲಿ ಹಳೆ ದಸ್ತಾವೇಜು ಇದ್ದರೆ ಅದರ ಚಕ್ಕುಬಂದಿ ಓದಿ. ಮೂಡು, ತೆಂಕು, ಪಡು, ಬಡಗು ನಾಲ್ಕು ಗಡಿ ಬರೆದಿರುತ್ತಾರೆ. ಅಲ್ಲಿ ದಾರಿ ಇದ್ದರೆ ದಾರಿ ಅಂತ, ಗಾಡಿ ಮಾರ್ಗ ಇದ್ದರೆ ಗಾಡಿ ಮಾರ್ಗ ಅಂತ ಬರೆಯದೆ ಬಿಡುವುದಿಲ್ಲ, ಯಾಕೆಂದರೆ ಗಡಿ ತಪ್ಪಿದರೆ ನಾಳೆ ವ್ಯಾಜ್ಯ. ಗೇಣಿ ಚೀಟಿ, ಪಾಲುಪಟ್ಟಿ, ಕ್ರಯಚೀಟಿ ಯಾವುದಾದರೂ ಆಗುತ್ತದೆ. 1956ಕ್ಕೆ ಮೊದಲಿನ ಕಾಗದ ಕನ್ನಡದಲ್ಲೇ ಇರುತ್ತದೆ, ಮೋಡಿ ಅಕ್ಷರ ಓದಲು ಸ್ವಲ್ಪ ತಾಳ್ಮೆ ಬೇಕು ಅಷ್ಟೆ.

ಎರಡನೆಯದು, ವಿಲೇಜ್ ಆಫೀಸಿನಲ್ಲಿ ನಿಮ್ಮ ಸರ್ವೆ ನಂಬ್ರದ ಎಫ್.ಎಂ.ಬಿ. (ಫೀಲ್ಡ್ ಮೆಷರ್‌ಮೆಂಟ್ ಬುಕ್) ನಕ್ಷೆ ಕೇಳಿ. ಚೈನು, ಲಿಂಕು ಲೆಕ್ಕದ್ದಿರಬಹುದು. ಒಂದು ಚೈನು ಅಂದರೆ 66 ಅಡಿ, 100 ಲಿಂಕು. ದಾರಿ ಪುರಂಬೋಕು (ಸರ್ಕಾರಿ ಜಾಗ) ಆಗಿದ್ದರೆ ಅದಕ್ಕೆ ಬೇರೆ ನಂಬ್ರ ಇರುತ್ತದೆ, ಸುಮ್ಮನೆ ಜನ ನಡೆಯುತ್ತಿದ್ದ ದಾರಿ ಆಗಿದ್ದರೆ ಚುಕ್ಕಿ ಗೆರೆ ಮಾತ್ರ. ಈ ವ್ಯತ್ಯಾಸ ಮುಖ್ಯ. ಪುರಂಬೋಕು ದಾರಿಗೆ ಯಾರು ಬೇಲಿ ಹಾಕಿದರೂ ಅದು ಸರ್ಕಾರದ್ದೇ. ಚುಕ್ಕಿ ಗೆರೆ ದಾರಿಯಲ್ಲಿ ನಡೆಯುವ ಹಕ್ಕು ಸಾಬೀತು ಮಾಡಬೇಕಾದರೆ 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ 20 ವರ್ಷ ತಡೆಯಿಲ್ಲದೆ ನಡೆದಿರಬೇಕು, ಈಗ ನಡೆಯುವವರೇ ಇಲ್ಲದಿದ್ದರೆ ಕಷ್ಟ. ನಕ್ಷೆ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 10 ರೂಪಾಯಿ ಫೀಸು.

ಹಾಗೇ ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ಮೇಲಿನ ಮಾರ್ಗದ ಅಗಲ ಎಷ್ಟು ಅಂತ ಬರೆದಿದೆ ಅಂತಲೂ ನೋಡಿ. 2022ರ ನವೆಂಬರ್‌ನಿಂದ ಡಿಜಿಟಲ್ ರೀಸರ್ವೆ ನಡೆಯುತ್ತಿದೆ. ನಿಮ್ಮ ವಿಲೇಜು ಆಗಿದ್ದರೆ ಹೊಸ ನಕ್ಷೆಯಲ್ಲಿ ತೋಡಿನ ಬದಿ ಏನು ತೋರಿಸಿದ್ದಾರೆ ಅಂತ ತಪ್ಪದೆ ನೋಡಿ. ಇಂಥಲ್ಲಿ ಹಳೆ ದಾರಿ ಮಾಯ ಆಗುವುದು ಜಾಸ್ತಿ.

ಮುಳ್ಳೇರಿಯಅಕ್ಕ:
ಎಲ್ಲರೂ ಹಳೆ ದಾರಿಯನ್ನು ಹೊಗಳುವುದು ಓದಿ ಒಂದು ಮಾತು ಹೇಳಬೇಕು ಅನ್ನಿಸಿತು. ನಮ್ಮ ಅಜ್ಜಿ ಇಂಥ ಮನೆಗಳ ಗದ್ದೆಯಲ್ಲಿ ನೇಜಿ ನೆಟ್ಟವರು. ಆ ತೋಡಿನ ಬದಿಯ ದಾರಿ ಎಲ್ಲರಿಗೂ ಇದ್ದದ್ದಲ್ಲ. ದೊಡ್ಡ ಮನೆಯ ಎದುರು ಬಂದಾಗ ಅಜ್ಜಿಯವರು ದಾರಿ ಬಿಟ್ಟು ಗದ್ದೆಗೆ ಇಳಿದು, ಕಟ್ಟಹುಣಿಯಲ್ಲಿ ಸುತ್ತು ಹಾಕಿ, ಆಚೆ ಮತ್ತೆ ದಾರಿಗೆ ಹತ್ತಬೇಕಿತ್ತು. ಮಳೆಗಾಲದಲ್ಲಿ ತಲೆಯ ಮೇಲೆ ಹೊರೆ ಇಟ್ಟುಕೊಂಡು. ಆ ಹೊರೆಕಲ್ಲಿನ ಹತ್ತಿರ ಎಲ್ಲರೂ ಒಟ್ಟಿಗೆ ನಿಲ್ಲುವ ಹಾಗೂ ಇರಲಿಲ್ಲ. ಗುಡ್ಡೆಯ ಮಾರ್ಗ ಬಂದ ಮೇಲೆ, ಅದರಲ್ಲೂ ಬಸ್ಸು ಬಂದ ಮೇಲೆ, ಯಾರ ಅಂಗಳದ ಎದುರೂ ತಲೆ ತಗ್ಗಿಸದೆ ಪೇಟೆಗೆ ಹೋದೆವು ಅಂತ ಅಜ್ಜಿ ಹೇಳುತ್ತಿದ್ದರು. ತೋಟದಮನೆಯವರಿಗೆ ಬೇಜಾರಾಗಲಿ ಅಂತ ಹೇಳಿದ್ದಲ್ಲ. ದಾರಿಯ ಚರಿತ್ರೆ ಬರೆಯುವುದಾದರೆ ಇದೂ ಇರಲಿ.

ಹಳೆಮಾಷ್ಟ್ರು:
ಅಕ್ಕ, ಇದನ್ನು ನಾನೇ ಬರೆಯಬೇಕಿತ್ತು. ಗದ್ದೆಗೆ ಇಳಿದು ಹೋಗುವುದನ್ನು ನಾನು ಚಿಕ್ಕಂದಿನಲ್ಲಿ ಕಣ್ಣಾರೆ ನೋಡಿದ್ದೇನೆ.

ತೋಟದಮನೆ:
ಬೇಜಾರೇನಿಲ್ಲ ಅಕ್ಕ. ದೊಡ್ಡಮ್ಮನಿಗೆ ಓದಿ ಹೇಳಿದೆ. "ಹೌದು, ಹಾಗೇ ಇತ್ತು" ಅಂದರು, ಆಮೇಲೆ ಸುಮಾರು ಹೊತ್ತು ಏನೂ ಮಾತಾಡಲಿಲ್ಲ.

ಕಾಗದ ಹುಡುಕಿದೆವು. ಮರದ ಪೆಟ್ಟಿಗೆಯಲ್ಲಿ ಎರಡು ಸಿಕ್ಕಿತು, ಒಂದಕ್ಕೆ ಗೆದ್ದಲು ಅಂಚು ತಿಂದಿದೆ. ಹಳೆಯದು ಮೂಲಗೇಣಿ (ಶಾಶ್ವತ ಗೇಣಿ) ಚೀಟಿ, ರೈಲು ಬರುವುದಕ್ಕಿಂತ ಮೊದಲಿನದ್ದು. ವರ್ಷಕ್ಕೆ ಇಂತಿಷ್ಟು ಮುಡಿ ಅಕ್ಕಿ ಧಣಿಗಳ ಮನೆಗೆ ಮುಟ್ಟಿಸಬೇಕು ಅಂತ ಇದೆ. ಚಕ್ಕುಬಂದಿಯಲ್ಲಿ ಮೂಡಕ್ಕೆ "ತೋಡು ಮತ್ತು ಹಾದಿ", ಪಡುವಿಗೆ "ಕುಮ್ಕಿ ಗುಡ್ಡೆ". ಮಾರ್ಗದ ಸುದ್ದಿಯೇ ಇಲ್ಲ. ಎರಡನೆಯದು ಅಜ್ಜನ ಪಾಲುಪಟ್ಟಿ, 1930ರ ದಶಕದ್ದು. ಅದರಲ್ಲಿ ಪಡುವಿಗೆ "ಗಾಡಿ ಮಾರ್ಗ" ಅಂತ ಬಂದಿದೆ, ಮೂಡಕ್ಕೆ ಬರೇ "ತೋಡು". ಹಾದಿ ಬಿಟ್ಟುಹೋಗಿದೆ!

ಸರ್ವೆಚೈನು:
ಬಹಳ ಒಳ್ಳೆಯದಾಯಿತು. ನಿಮ್ಮ ಮಾರ್ಗ ಈ ಎರಡು ಕಾಗದದ ನಡುವೆ ಹುಟ್ಟಿದ್ದು. ಎರಡರ ಫೋಟೊ ತೆಗೆದು ಇಡಿ, ಗೆದ್ದಲು ಕಾಯುವುದಿಲ್ಲ.

ಕುಮ್ಕಿ ಗುಡ್ಡೆ ಅಂತ ಇರುವುದು ಇನ್ನೂ ಮುಖ್ಯ. ನಮ್ಮ ಹಳೆ ಜಿಲ್ಲೆಯ ಪದ್ಧತಿಯಲ್ಲಿ ವರ್ಗ (ಪಟ್ಟಾ) ಜಾಗಕ್ಕೆ ತಾಗಿ 100 ಗಜದೊಳಗಿನ ಸರ್ಕಾರಿ ಗುಡ್ಡೆಯಿಂದ ಸೊಪ್ಪು, ಹುಲ್ಲು, ಕೃಷಿಗೆ ಬೇಕಾದ ಮರ ತೆಗೆಯುವ ಹಕ್ಕು ಕೃಷಿಕನಿಗೆ ಇತ್ತು, ಜಾಗ ಮಾತ್ರ ಸರ್ಕಾರದ್ದು. ಮಾರ್ಗ ಹೋಗಿರುವುದು ಆ ಗುಡ್ಡೆಯಲ್ಲಿ. ಹಾಗಾದರೆ ಮಾರ್ಗದ ಆಚೆ ಬದಿಯಲ್ಲಿ ಇವತ್ತಿಗೂ ಪುರಂಬೋಕು ಉಳಿದಿರಬಹುದಲ್ವಾ? ಅಗಲ ಮಾಡುವುದಾದರೆ ನಿಮ್ಮ ಹಟ್ಟಿಯ ಕಡೆಗೆ ಯಾಕೆ, ಆಚೆಗೆ ಮಾಡಬಹುದಲ್ಲ ಅಂತ ಕೇಳಲು ಇದು ಒಳ್ಳೆ ಆಧಾರ.

ಪಕ್ಕಾಸು:
ಮೂಲಗೇಣಿ ಇದ್ದದ್ದು 1970ರ ಜನವರಿ 1ರ ನಂತರ ಕೇರಳದ ಭೂಸುಧಾರಣೆಯಲ್ಲಿ ಪಟ್ಟಯ (ಹಕ್ಕುಪತ್ರ) ಆಗಿರಬೇಕು ಅಲ್ವಾ ತೋಟದಮನೆ? ಮುಡಿ ಲೆಕ್ಕ ಈಗಿನ ಮಕ್ಕಳಿಗೆ ಗೊತ್ತಿಲ್ಲ. 14 ಸೇರಿಗೆ ಒಂದು ಕಳಸಿಗೆ, 3 ಕಳಸಿಗೆಗೆ ಒಂದು ಮುಡಿ, ಅಂದರೆ 42 ಸೇರು. ಬೈಹುಲ್ಲು ಸುತ್ತಿ ಕಟ್ಟಿದ ಆ ಮುಡಿ ಹೊತ್ತುಕೊಂಡು ಧಣಿಗಳ ಮನೆಗೆ ನಡೆಯುವಾಗ ಹೊರೆಕಲ್ಲು ಇಲ್ಲದಿದ್ದರೆ ಕುತ್ತಿಗೆ ಮುರಿಯುತ್ತಿತ್ತು.

ತೋಟದಮನೆ:
ಹೌದು, ಪಟ್ಟಯ ಆಗಿದೆ. ಅದರಲ್ಲಿ ಚಕ್ಕುಬಂದಿ ಇಲ್ಲ, ಬರೇ ನಂಬ್ರ ಮತ್ತು ಸೆಂಟ್ಸು.

ಬಾಯಾರುನೀರು:
ತಡವಾಗಿ ಬಂದೆ. ನಿಮ್ಮ ಸುರಂಗದ ಬಗ್ಗೆ ಯಾರೂ ಮಾತಾಡಲೇ ಇಲ್ಲ, ನನಗೆ ಅದೇ ಹೆದರಿಕೆ. ನಮ್ಮ ಬಾಯಾರು, ಪೈವಳಿಕೆ ಕಡೆ ಮನೆಮನೆಗೂ ಸುರಂಗ. ಒಬ್ಬ ಬಗ್ಗಿ ಹಾರೆಯಲ್ಲಿ ಕೆತ್ತುವಷ್ಟು ಜಾಗ, ಅಗಲ ಎರಡು ಅಡಿ, ಎತ್ತರ ಆರು ಅಡಿ, ಅಷ್ಟೆ. ಮೇಲಿನ ಮುರಕಲ್ಲು ಗಟ್ಟಿ ಇರುತ್ತದೆ, ನೀರು ಬರುವುದು ಅದರ ಅಡಿಯ ಮೆತ್ತನೆ ಜೇಡಿಯಲ್ಲಿ. ಕುಸಿದರೆ ಕುಸಿಯುವುದೂ ಅಲ್ಲೇ. ಮೇಲೆ ಜೆಸಿಬಿ ಬ್ರೇಕರ್ ಹಾಕಿದರೆ, ರೋಲರ್ ಓಡಿಸಿದರೆ, ಒಳಗೆ ಮಣ್ಣು ಬಿದ್ದು ನೀರು ನಿಲ್ಲುತ್ತದೆ. ಒಮ್ಮೆ ಮುಚ್ಚಿದರೆ ಕೆತ್ತುವವರು ಈಗ ಸಿಗುವುದಿಲ್ಲ. ಬೋರ್‌ವೆಲ್ ತೆಗೆಸಿ ಅನ್ನುತ್ತಾರೆ, ಸುರಂಗಗಳು ಒಣಗಲು ಅದೂ ಒಂದು ಕಾರಣ.

ಸುರಂಗ ಎಷ್ಟು ಉದ್ದ ಇದೆ, ನೇರ ಹೋಗಿದೆಯಾ, ಕವಲು ಇದೆಯಾ ಅಂತ ಮೊದಲು ತಿಳಿದುಕೊಳ್ಳಿ. ಅಭ್ಯಾಸ ಇರುವವರನ್ನು ಮಾತ್ರ ಒಳಗೆ ಕಳುಹಿಸಿ. ಮೇಣದ ಬತ್ತಿ ಹಿಡಿದು ಹೋಗಬೇಕು, ಬತ್ತಿ ಮಂಕಾದರೆ ಹಿಂದೆ ಬರಬೇಕು. ಹಗ್ಗದಲ್ಲಿ ಉದ್ದ ಅಳೆದು ಅದೇ ಅಳತೆ ಮೇಲೆ ಗುಡ್ಡೆಯಲ್ಲಿ ಎಳೆದು, ಮಾರ್ಗ ದಾಟುವ ಜಾಗಕ್ಕೆ ಸುಣ್ಣದ ಗುರುತು ಹಾಕಿ. ಗಾಳಿ ಬಾವಿ ಇದ್ದರೆ ಅದಕ್ಕೂ. ಗುರುತು ಇದ್ದರೆ ಎಂಜಿನಿಯರ್ ಆ ಜಾಗದಲ್ಲಿ ಅಗೆಯದೆ ಬರೇ ಮಣ್ಣು ತುಂಬಿಸಿ ಏರಿಸಬಹುದು. ಬಾಯಿಮಾತಿನಲ್ಲಿ ಹೇಳಿದರೆ "ನೋಡುವ" ಅಂತಾರೆ.

ಉಪ್ಪಳದವ:
ಒಂದು ಸಂಶಯ. ಕೆಳಗಿನ ಹಾದಿ ಪುರಂಬೋಕು ಅಂತ ಸಿಕ್ಕಿದರೆ ಅದನ್ನೇ ಮಾರ್ಗ ಮಾಡಿ ಅಂತ ಕೇಳಬಹುದಾ?

ಸರ್ವೆಚೈನು:
ಕೇಳಬಹುದು, ಆಗುವುದಿಲ್ಲ. ಗದ್ದೆ ಇದ್ದ ಜಾಗ, ತೋಡಿನ ಬದಿ, ಮಣ್ಣು ತುಂಬಲು ಕೇರಳದಲ್ಲಿ ಗದ್ದೆ ಮತ್ತು ಜೌಗು ನೆಲ ಸಂರಕ್ಷಣೆಯ 2008ರ ಕಾಯ್ದೆ ಅಡ್ಡ ಬರುತ್ತದೆ. ಅಷ್ಟಕ್ಕೂ ಆ ಬದಿಯವರೆಲ್ಲ ತೋಟ ಮಾಡಿ ಆಗಿದೆ, ಹತ್ತು ಮನೆಯವರ ಜೊತೆ ಜಗಳ ಯಾಕೆ? ಹಳೆ ಹಾದಿಯ ಕಾಗದದಿಂದ ನಿಮಗೆ ಆಗುವ ಪ್ರಯೋಜನ ಬೇರೆ. ಮನೆ, ಹಟ್ಟಿ, ಸುರಂಗ ಮಾರ್ಗಕ್ಕಿಂತ ಮೊದಲಿನವು ಅಂತ ಅದು ತೋರಿಸುತ್ತದೆ. ಮಾರ್ಗಕ್ಕೆ ತಾಗಿ ನೀವು ಕಟ್ಟಿದ್ದಲ್ಲ. ಕೇರಳ ಪಂಚಾಯತ್ ರಾಜ್ ಕಾಯ್ದೆಯ 3 ಮೀಟರ್ ಬಿಡಬೇಕು ಅನ್ನುವ ನಿಯಮ ಹೇಳಿ ಹೆದರಿಸಿದರೆ, ಅದು 1994ರ ಕಾಯ್ದೆ, ಹಟ್ಟಿ ಅದಕ್ಕಿಂತ ಎಷ್ಟು ಹಳೆಯದು ಅಂತ ಶಾಂತವಾಗಿ ಹೇಳಿ. ಜಗಳಕ್ಕೆ ಹೋಗಬೇಡಿ. ಬಡಗಿನ ಮೂಲೆಯಲ್ಲಿ ಸುರಂಗ ಇಲ್ಲ, ಹಟ್ಟಿಯೂ ಇಲ್ಲ ಅಂತಾದರೆ ಅಲ್ಲಿ ಸ್ವಲ್ಪ ಜಾಸ್ತಿ ಬಿಟ್ಟುಕೊಡಿ. ಕೊಡುವ ಮನಸ್ಸಿದೆ ಅಂತ ಕಂಡರೆ ಊರವರೂ ನಿಮ್ಮ ಪರ ನಿಲ್ಲುತ್ತಾರೆ.

ಮುಳ್ಳೇರಿಯಅಕ್ಕ:
ಇದು ಸರಿಯಾದ ಮಾತು. ಮಾರ್ಗ ಅಗಲ ಆಗಲಿ, ಶಾಲೆ ಬಸ್ಸು ಎದುರಿಗೆ ಬಂದರೆ ಸ್ಕೂಟರ್ ಚರಂಡಿಗೆ ಇಳಿಸಬೇಕಾದ ಸ್ಥಿತಿ ಇದೆ ಆ ಕಡೆಯೆಲ್ಲ.

ತೋಟದಮನೆ:
ದೊಡ್ಡಪ್ಪ ಒಪ್ಪಿದ್ದಾರೆ. ಬಡಗಿನ ಮೂಲೆಯಲ್ಲಿ ಗೇರು ಮರ ಎರಡು ಹೋಗುತ್ತದೆ ಅಷ್ಟೆ. ಪಕ್ಕಾಸು ಅಣ್ಣ, ಅಟ್ಟಕ್ಕೆ ಹತ್ತಿ ನೋಡಿದೆ, ಹಗ್ಗದ ಗುರುತು ಇದೆ, ಸಾಲಾಗಿ. ಸೋಮವಾರ ವಿಲೇಜ್ ಆಫೀಸಿಗೆ ಹೋಗಿ ಎಫ್.ಎಂ.ಬಿ.ಗೆ ಅರ್ಜಿ ಕೊಡುತ್ತೇನೆ, ಕನ್ನಡದಲ್ಲೇ ಬರೆದರೆ ಆಗುತ್ತದಲ್ಲ?

ಸರ್ವೆಚೈನು:
ಧಾರಾಳ ಆಗುತ್ತದೆ, ಕಾಸರಗೋಡು, ಮಂಜೇಶ್ವರ ತಾಲೂಕಿನಲ್ಲಿ ಕನ್ನಡ ಅರ್ಜಿ ತೆಗೆದುಕೊಳ್ಳಲೇಬೇಕು. ಸರ್ವೆ ನಂಬ್ರ, ಸಬ್‌ಡಿವಿಜನ್ ಎರಡೂ ಬರೆಯಿರಿ, ರಸೀದಿ ಬಿಡಬೇಡಿ. ನಕ್ಷೆ ಸಿಕ್ಕಿದ ಮೇಲೆ ಇಲ್ಲಿ ಹಾಕಿ, ನಿಮ್ಮ ಹೆಸರು, ನಂಬ್ರ ಮುಚ್ಚಿ.

ಬಾಯಾರುನೀರು:
ಸುರಂಗದ ಒಳಗೆ ಹೋಗಲು ಅಭ್ಯಾಸದವರು ಬೇಕಿದ್ದರೆ ಹೇಳಿ, ನಮ್ಮ ನೆರೆಯವರೊಬ್ಬರು ಇದ್ದಾರೆ, ಪ್ರಾಯ ಆಗಿದೆ ಆದರೆ ಈಗಲೂ ಹೋಗುತ್ತಾರೆ. ಮಳೆ ಹಿಡಿಯುವ ಮೊದಲೇ ಆಗಬೇಕು.